ಹೂವಪ್ಪ ಹಿಂತಿರುಗಿದ ಮಧ್ಯಾಹ್ನ

ನನ್ನ ಯಜಮಾನರು ಹೂವಪ್ಪನವರು ಹಿಂದಕ್ಕೆ ತಿರುಗಿ ನೋಡುತ್ತಿರಲಿಲ್ಲ. ಮದುವೆಯಾದ ಮೂರನೇ ದಿನವೇ ಇದು ನನಗೆ ಗೊತ್ತಾಯಿತು. ಶಿವಮೊಗ್ಗದ ತವರಿನಿಂದ ಭದ್ರಾವತಿಗೆ ಹೊರಟಾಗ ಅವರ ಹೆಗಲ ಮೇಲಿನ ವಸ್ತ್ರ ಅಂಗಳದಲ್ಲಿ ಜಾರಿಬಿತ್ತು. ಅಪ್ಪ ಕೂಗಿದರು. ಇವರು ನಿಂತರು, ತಿರುಗಲಿಲ್ಲ. ನಾನೇ ಎತ್ತಿಕೊಂಡು ಓಡಿ, ಎದುರಿಗೆ ಹೋಗಿ ಕೊಟ್ಟೆ. ಬೆಳಗಿನ ಚಳಿಯಲ್ಲೂ ಅವರ ಮುಖ ಬೆವೆತಿತ್ತು.

ಕಬ್ಬಿಣದ ಕಾರ್ಖಾನೆಯಲ್ಲಿ ಇದ್ದಿಲು ಹೊರುವ ಕೆಲಸ ಅವರದು. ಜೊತೆಯ ಸಿದ್ದಯ್ಯ ದಿನಾ ರೇಗಿಸುತ್ತಿದ್ದ.

"ಏನೋ ಹೂವಪ್ಪ, ಕುತ್ತಿಗೆಗೆ ಬೆಸುಗೆ ಹಾಕಿಸ್ಕೊಂಡಿದೀಯೇನೋ ಮಾರಾಯ? ಹಿಂದೆ ಹುಲಿ ಬಂದ್ರೂ ಮುಂದೇನೇ ನೋಡ್ತೀಯಲ್ಲ!"

"ಹುಲಿ ಆದ್ರೆ ತಿರುಗ್ತೀನಿ ಬಿಡು" ಅನ್ನುತ್ತಿದ್ದರು ಇವರು. ಸಿದ್ದಯ್ಯ ನಗುತ್ತಿದ್ದ, ಇವರು ನಗುತ್ತಿರಲಿಲ್ಲ.

ನಮ್ಮದು ಹಳೇ ಊರಿನಲ್ಲಿ ಎರಡು ಅಂಕಣದ ಮನೆ. ಹಿತ್ತಿಲ ಬಾಗಿಲು ತೆಗೆದರೆ ಹೊಳೆಯ ಕಡೆಯ ದಾರಿ. ರಜೆಯ ದಿನ ಮಧ್ಯಾಹ್ನ ಊಟಕ್ಕೆ ಕೂತರೆ ಬೆನ್ನನ್ನು ಗೋಡೆಗೆ ಒತ್ತಿಕೊಂಡೇ ಕೂರುತ್ತಿದ್ದರು. ತುತ್ತು ಬಾಯಿಯ ಹತ್ತಿರ ಹೋಗಿ ನಿಂತುಬಿಡುತ್ತಿತ್ತು.

"ಕರೆದ್ಯಾ?"

"ನಾನು ನಿಮ್ಮ ಎದುರಿಗೇ ಕೂತಿದೀನಲ್ರೀ."

"ಹೌದಲ್ಲ" ಎಂದು ತುತ್ತನ್ನು ಕೆಳಗಿಡುತ್ತಿದ್ದರು. ಬೆನ್ನಿಗೂ ಗೋಡೆಗೂ ನಡುವೆ ಒಂದು ದಾರ ತೂರುವಷ್ಟೂ ಜಾಗ ಇರುತ್ತಿರಲಿಲ್ಲ. ಆದರೂ ಅಲ್ಲಿಂದಲೇ ಯಾರೋ ಕರೆದಂತೆ ಅವರ ಹೆಗಲು ಕುಗ್ಗುತ್ತಿತ್ತು. ಎಷ್ಟೋ ಸಲ ನಾನು ಪಾತ್ರೆ ತೊಳೆಯುವಾಗ ಆ ಗೋಡೆಯನ್ನು ಮುಟ್ಟಿ ನೋಡಿದ್ದೇನೆ. ಬಿಸಿಲು ಬೀಳುವ ಗೋಡೆ ಅದು, ಆದರೂ ಅಷ್ಟು ಜಾಗ ತಣ್ಣಗಿರುತ್ತಿತ್ತು.

ನಮ್ಮ ಮಗಳಿಗೆ ಎರಡು ವರ್ಷ ತುಂಬಿದಾಗ, ಅಂದರೆ ಮೂವತ್ತನಾಲ್ಕನೇ ಇಸವಿಯಲ್ಲಿ, ಹೊಳೆಗೆ ಹೋಗಿದ್ದೆವು. ಇವರು ಮುಂದೆ, ಮಗು ಹಿಂದೆ, ನಾನು ಬಟ್ಟೆಯ ಗಂಟು ಹೊತ್ತು ಇನ್ನೂ ದೂರದಲ್ಲಿದ್ದೆ. ಮಗುವಿನ ಕಾಲು ಜಾರಿತು. "ಅಪ್ಪಾ!" ಎಂದು ಕಿರುಚಿತು. ಇವರು ಕಂಬದಂತೆ ನಿಂತರು. ತಿರುಗಲಿಲ್ಲ. ಅಲ್ಲೇ ಬಟ್ಟೆ ಒಗೆಯುತ್ತಿದ್ದ ಪಕ್ಕದ ಮನೆಯ ಸುವರ್ಣಮ್ಮ ನೀರಿಗೆ ಹಾರಿ ಮಗುವಿನ ಜುಟ್ಟು ಹಿಡಿದು ಎಳೆದಳು.

"ಗಂಡಸಾ ನೀನು? ನಿನ್ನ ಕೂಸು ಕಣಯ್ಯ!" ಎಂದು ಅವಳು ಬೈದಳು. ಆ ದಿನ ಇವರು ನನಗೆ ಕಾರಣ ಹೇಳಿದರು.

ನಮ್ಮ ಮದುವೆಗೆ ಐದು ವರ್ಷ ಮೊದಲು ಊರಿಗೆ ಪ್ಲೇಗು ಬಂದಿತ್ತಂತೆ. ಜನ ಮನೆ ಬಿಟ್ಟು ಬಯಲಿನ ಗುಡಿಸಲುಗಳಲ್ಲಿದ್ದರು. ಇವರ ತಂಗಿ ಹೂವಮ್ಮನಿಗೆ ಹದಿಮೂರು ವರ್ಷ. ಒಂದು ಬೆಳಿಗ್ಗೆ ಮೈ ತಣ್ಣಗಾಯಿತು. ಹೆಣ ಇಟ್ಟುಕೊಳ್ಳುವ ಹಾಗಿರಲಿಲ್ಲ. ಸೋದರಮಾವ ಪುಟ್ಟಯ್ಯನೂ ಇವರೂ ಸೇರಿ ಮಧ್ಯಾಹ್ನದ ಹೊತ್ತಿಗೆ ಹೊಳೆಯ ದಂಡೆಯಲ್ಲಿ ಹೂಳಿದರು. ಮಣ್ಣು ಕೊಟ್ಟು ಬರುವವರು ಹಿಂತಿರುಗಿ ನೋಡಬಾರದು, ನಮ್ಮಲ್ಲಿ ಅದು ಕಟ್ಟುನಿಟ್ಟು. ಹತ್ತು ಹೆಜ್ಜೆ ಇಟ್ಟಿರಬೇಕು, ಬೆನ್ನ ಹಿಂದೆ "ಅಣ್ಣಾ" ಅಂತ ಕೇಳಿಸಿತು.

ಮಾವ ಇವರ ಕೈ ಹಿಡಿದನಂತೆ. "ತಿರುಗಬೇಡ ಕಣೋ. ತಿರುಗಿದ್ರೆ ಮನೆ ತನಕ ಬರ್ತಾಳೆ."

ಇನ್ನೊಂದು ಸಲ ಕೇಳಿಸಿತು. ಇವರು ನಡೆದುಬಿಟ್ಟರು.

"ಜೀವ ಇತ್ತೋ ಏನೋ ತುಂಗಾ" ಅಂದರು ನನಗೆ. "ಜೀವ ಇದ್ದೇ ಕರೆದ್ಲೋ, ಸತ್ತ ಮೇಲೆ ಕರೆದ್ಲೋ. ತಿರುಗಿದ್ರೆ ಗೊತ್ತಾಗ್ತಿತ್ತು."

ವರ್ಷವರ್ಷವೂ ಉಪವಾಸ ಮಾಡಿದ್ದರು, ಕಾಗೆಗೆ ಅನ್ನ ಇಟ್ಟಿದ್ದರು. ಆದರೂ ಕೂಗು ನಿಂತಿರಲಿಲ್ಲ.

ನನ್ನಪ್ಪ ಶಿವಮೊಗ್ಗದಲ್ಲಿ ಪಾದ್ರಿಯೊಬ್ಬರ ಬಂಗಲೆಯಲ್ಲಿ ತೋಟದ ಕೆಲಸಕ್ಕಿದ್ದರು. ಆ ಪಾದ್ರಿಗೆ ಕನ್ನಡ ಕಲಿಸಲು ಗೋವಿಂದಯ್ಯ ಪಂಡಿತರು ಬರುತ್ತಿದ್ದರು. ಕಲಿಸುತ್ತಲೇ ಪಾದ್ರಿಯಿಂದ ಬೈಬಲಿನ ಮೂಲ ಭಾಷೆ ಹೀಬ್ರೂ ಕಲಿತಿದ್ದರು. ಜನಿವಾರ ಹಾಕಿಕೊಂಡೇ ಬೈಬಲ್ ಓದುತ್ತಿದ್ದರು. ಇವರನ್ನು ಅವರ ಹತ್ತಿರ ಕರೆದುಕೊಂಡು ಹೋದೆ.

"ಪಾಪ ಮಾಡಿದೋನು ಏನ್ ಮಾಡ್ಬೇಕು ಅಂತ ಆ ಪುಸ್ತಕದಲ್ಲಿ ಏನಾದ್ರೂ ಇದೆಯಾ ಸ್ವಾಮಿ?" ಎಂದು ಇವರು ಕೇಳಿದರು.

ಪಂಡಿತರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ದಪ್ಪ ಪುಸ್ತಕವೊಂದನ್ನು ತೆಗೆದು, ಬಲದಿಂದ ಎಡಕ್ಕೆ ಬೆರಳು ಎಳೆಯುತ್ತಾ ಒಂದು ಸಾಲು ಓದಿದರು.

"ಒಬ್ಬ ಪ್ರವಾದಿ ಹೇಳಿದ್ದು ಇದು. ಇಲ್ಲಿ ಎರಡು ಮಾತಿವೆ ನೋಡು ಹೂವಪ್ಪ. ಒಂದು ಶೂವ್. ಹಾಗಂದ್ರೆ ತಿರುಗೋದು, ಬಿಟ್ಟು ಬಂದ ಕಡೆಗೆ ವಾಪಸ್ ನಡೆಯೋದು. ಕಾಲಿನ ಕೆಲಸ ಅದು. ಇನ್ನೊಂದು ನಾಹಮ್. ಅದು ಮರುಗೋದು, ಎದೆಯಿಂದ ಉಸಿರು ಎಳೆದು ಬಿಡೋದು. ನಾವು ಪಶ್ಚಾತ್ತಾಪ ಅಂತೀವಲ್ಲ, ಅದ್ರಲ್ಲಿ ಬರೀ ಆಮೇಲೆ ಬೇಯೋದಿದೆ. ನೀನು ಬೆಂದಿದೀಯ. ಆದ್ರೆ ಇವನು ಏನಂತಾನೆ ಕೇಳು: ನಾನು ತಿರುಗಿದ ಮೇಲೆ ಮರುಗಿದೆ. ತಿರುಗೋದು ಮೊದಲು, ಅಳು ಆಮೇಲೆ."

"ತಿರುಗಿದ್ರೆ ಅವಳು ಬಂದುಬಿಡ್ತಾಳಲ್ಲ ಸ್ವಾಮಿ?"

ಪಂಡಿತರು ಕನ್ನಡಕ ತೆಗೆದರು. "ಬಂದ್ರೆ ಬರ್ಲಿ. ನಿನ್ನ ತಂಗಿ ತಾನೇ?"

ಅದೇ ದಿನ ರೈಲಿನಲ್ಲಿ ಭದ್ರಾವತಿಗೆ ವಾಪಸಾದೆವು.

ಮಾರನೇ ದಿನ ಮಧ್ಯಾಹ್ನ ಮಗುವನ್ನು ಸುವರ್ಣಮ್ಮನ ಹತ್ತಿರ ಬಿಟ್ಟು ಹೊಳೆಯ ದಂಡೆಗೆ ಹೋದೆವು. ಹೆಂಗಸರು ಹೋಗುವ ಜಾಗವಲ್ಲ, ಆದರೂ ಹೋದೆ. ಗುರುತಿಗೆ ಇಟ್ಟಿದ್ದ ಕಲ್ಲು ಅರ್ಧ ಹೂತುಹೋಗಿತ್ತು. ಕಲ್ಲಿನ ಹತ್ತಿರದಿಂದ ಇವರು ಹೆಜ್ಜೆ ಎಣಿಸುತ್ತಾ ನನ್ನ ಕಡೆಗೆ ನಡೆದು ಬಂದರು. ಹತ್ತಕ್ಕೆ ನಿಂತರು. ನಾನು ಎದುರಿಗಿದ್ದೆ, ಅವರ ಬೆನ್ನ ಹಿಂದಿನದೆಲ್ಲ ನನಗೆ ಕಾಣುತ್ತಿತ್ತು. ಮರಳು, ಕಲ್ಲು, ಬಿಸಿಲು. ಗಾಳಿ ನಿಂತಿತ್ತು. ಹೊಳೆಯ ಸದ್ದೂ ನಿಂತಂತಿತ್ತು.

ಅವರ ಹೆಗಲು ಕುಗ್ಗಿತು. ಕರೆ ಬಂತೆಂದು ನನಗೆ ತಿಳಿಯಿತು. ನನಗೆ ಮಾತ್ರ ಏನೂ ಕೇಳಿಸಲಿಲ್ಲ.

ಅವರು ತಿರುಗಿದರು. ಹನ್ನೊಂದು ವರ್ಷದ ತುಕ್ಕು ಹಿಡಿದ ಬಾಗಿಲಿನ ಹಾಗೆ, ಮೊದಲು ಕತ್ತು, ಆಮೇಲೆ ಮೈ.

"ಓ" ಅಂದರು. "ಓ, ಬಂದೆ ಕಣೇ."

ಹತ್ತು ಹೆಜ್ಜೆಯನ್ನೂ ವಾಪಸ್ ನಡೆದರು. ಕಲ್ಲಿನ ಪಕ್ಕ ಕೂತು, ಮರಳಿನ ಮೇಲೆ ಅಂಗೈ ಇಟ್ಟು, ಮಲಗಿದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ ನೋಡಿದರು. ಆಗ ಎದೆಯಿಂದ ಒಂದು ಉಸಿರು ಬಂತು. ಅಷ್ಟು ಉದ್ದದ ಉಸಿರನ್ನು ನಾನು ಯಾರಲ್ಲೂ ಕೇಳಿಲ್ಲ. ಮುಗಿಯಿತು ಅನ್ನುವಾಗ ಇನ್ನೂ ಇತ್ತು. ಅದರ ಹಿಂದೆಯೇ ಅಳು ಬಂತು. ಅವರು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ಜೀವ ಇತ್ತೋ ಇಲ್ಲವೋ, ಅದು ಅವರಿಗೆ ಗೊತ್ತಾಗಲಿಲ್ಲ. ಆದರೆ ಅಂದಿನಿಂದ ಮಗಳು ಹಿಂದಿನಿಂದ ಕೂಗಿದರೆ ತಿರುಗಿ ಎತ್ತಿಕೊಳ್ಳುತ್ತಿದ್ದರು. ಗೋಡೆ ಬಿಟ್ಟು ನಡುಮನೆಯಲ್ಲಿ ಕೂತು ಉಂಡರು. ಸಿದ್ದಯ್ಯನ ತಮಾಷೆ ತಾನಾಗಿ ನಿಂತಿತು.

ನಲವತ್ತಾರನೇ ಇಸವಿಯಲ್ಲಿ ಅವರು ಜ್ವರ ಬಂದು ಮಲಗಿದರು. ಕೊನೆಯ ದಿನ ಮಟಮಟ ಮಧ್ಯಾಹ್ನ. ನಾನು ಎದುರಿಗೆ ಕೂತು ಗಂಜಿ ಕುಡಿಸುತ್ತಿದ್ದೆ. ಮಗಳು ನೀರಿಗೆ ಹೋಗಿದ್ದಳು. ಇವರು ಮೆಲ್ಲಗೆ ಕತ್ತು ತಿರುಗಿಸಿ, ಹಿತ್ತಿಲ ಬಾಗಿಲ ಕಡೆ ನೋಡಿ, "ಓ, ಬಂದೆ" ಅಂದರು.

ಬಾಗಿಲಿಗೆ ಅಗುಳಿ ಹಾಕಿತ್ತು. ನಾನು ಎದ್ದು ಹೋಗಿ ತೆಗೆದೆ.