ನರ್ಸಮ್ಮನ ಸೈಕಲ್ಲಿಗೆ ಹೊಯ್ದ ನೀರು

ಅವರ ಬಲಗೈ ಹೆಬ್ಬೆರಳಿನ ಉಗುರಿನ ಅಂಚು ಯಾವಾಗಲೂ ಕಪ್ಪು. ಹೆರಿಗೆ ಕೋಣೆಗೆ ಕಾಲಿಡುವ ಮುಂಚೆ ಬಿಸಿನೀರು, ಕೆಂಪು ಸೋಪು, ತೆಂಗಿನ ನಾರು ಹಿಡಿದು ಮೊಣಕೈವರೆಗೆ ತಿಕ್ಕುವರು. ಚರ್ಮ ಕೆಂಪಾಗುತ್ತಿತ್ತೇ ಹೊರತು ಆ ಕಪ್ಪು ಹೋಗುತ್ತಿರಲಿಲ್ಲ. ಅದು ಸೈಕಲ್ ಚೈನಿನ ಕರಿ. ನಮ್ಮೂರ ಹೆಂಗಸರು ಅದನ್ನು ನೋಡಿ ಮೂಗು ಮುರಿಯುತ್ತಿದ್ದರು. ಅದೇ ಕೈ ತಮ್ಮ ಮಕ್ಕಳನ್ನು ಭೂಮಿಗೆ ತಂದದ್ದು ಮಾತ್ರ ಯಾರಿಗೂ ನೆನಪಿರುತ್ತಿರಲಿಲ್ಲ.

ಸುಳ್ಯದ ಕಡೆಗೆ ಸರ್ಕಾರ ಕಳುಹಿಸಿದ ಸೂಲಗಿತ್ತಿ ಅವರು. ಎಲ್ಲರಿಗೂ ನರ್ಸಮ್ಮ. ಆ ಐವತ್ತರ ದಶಕದಲ್ಲಿ, ಸೀರೆ ಎತ್ತಿ ಸಿಕ್ಕಿಸಿಕೊಂಡು ಸೈಕಲ್ ತುಳಿಯುತ್ತ ನಮ್ಮ ಮಂಡೆಕೋಲಿನವರೆಗೂ ಬರುತ್ತಿದ್ದರು.

ಹೆರಿಗೆ ಮುಗಿಸಿ, ಚೀಲವನ್ನು ಸೈಕಲ್ಲಿಗೆ ತೂಗುಹಾಕಿ ಸ್ನಾನಕ್ಕೆ ಹೋಗುವುದು ಅವರ ಕ್ರಮ. ಬಾಣಂತಿ ಕೋಣೆಯ ಚೀಲ ತಾಗಿದ ಮೇಲೆ ಸೈಕಲ್ಲಿಗೂ ಅಮೆ! ಹುಟ್ಟಿನ ಮೈಲಿಗೆಗೆ ನಮ್ಮಲ್ಲಿ ಹಾಗೆನ್ನುವುದು. ಮನೆಯ ಹಿರಿಯ ಹೆಂಗಸು ಕೊಡ ತುಂಬ ಸೆಗಣಿ ನೀರು ತಂದು ಸೈಕಲ್ಲಿನ ಮೇಲೆ ಹೊಯ್ಯುತ್ತಿದ್ದಳು. ಯಾವ ಮನೆಗೆ ಹೋದರೂ ಇದೇ.

"ಅದಕ್ಕೆ ಎಣ್ಣೆ ಬೇಕಾದ್ದು, ಸೆಗಣಿ ಅಲ್ಲ ಮಾರಾಯ್ರೆ," ಎಂದು ಹೇಳಿ ಹೇಳಿ ಅವರು ಸೋತರು. "ಆಯ್ತು ನರ್ಸಮ್ಮ" ಎನ್ನುವರು. ಬಚ್ಚಲ ಬಾಗಿಲು ಮುಚ್ಚಿದ್ದೇ ತಡ, ಹೊಯ್ಯುವರು. ಕಬ್ಬಿಣಕ್ಕೆ ಎಂಥ ಅಮೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನನಗೆ ತಾಯಿ ಇಲ್ಲದ್ದರಿಂದ ಚೊಚ್ಚಲ ಹೆರಿಗೆಯೂ ಗಂಡನ ಮನೆಯಲ್ಲೇ. ಹಿಂದಿನ ತಿಂಗಳು ಓರಗಿತ್ತಿ ಹೆತ್ತಾಗ ನನ್ನ ಅತ್ತೆ ಆ ಸೈಕಲ್ಲಿಗೆ ಧಾರಾಳವಾಗಿಯೇ ಹೊಯ್ದಿದ್ದರು. ನನಗೆ ನೋವು ಶುರುವಾಗಿ ಹೇಳಿ ಕಳುಹಿಸಿದಾಗ, ಬರುವ ದಾರಿಯಲ್ಲಿ ತುಕ್ಕು ಹಿಡಿದ ಚೈನ್ ತುಂಡಾಯಿತು. ಮುರಿದ ಕಣ್ಣಿಯ ಮೊಳೆ ಹೊರಗೆ ಬಾರದೆ ಚೈನ್ ಮತ್ತೆ ಕೂಡುವುದಿಲ್ಲ. ಕಲ್ಲಿನಿಂದ ಗುದ್ದಿ ನೋಡಿ, ಆಗದೆ, ಸೈಕಲ್ಲನ್ನು ಪೊದೆಗೆ ದೂಡಿ ಓಡಿ ಬಂದರು. ಅಷ್ಟರಲ್ಲಿ, ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿದ್ದ ನನ್ನ ಮಗ ಹೋಗಿಬಿಟ್ಟಿದ್ದ.

"ಹೆಂಗಸು ಸೈಕಲ್ ಬಿಟ್ರೆ ಇಷ್ಟೇ ಆಗುದು," ಎಂದರು ಅತ್ತೆ, ಅವರ ಮುಖಕ್ಕೇ. ನರ್ಸಮ್ಮ ನನ್ನ ಪಕ್ಕ ಕೂತು ಅತ್ತರು. ಊರೆಲ್ಲ ಅತ್ತೆಯ ಮಾತನ್ನೇ ಹೇಳಿಕೊಂಡು ತಿರುಗಿತು. ನನ್ನ ಆ ಸಿಟ್ಟು ಇನ್ನೂ ಆರಿಲ್ಲ. ಆರುವುದೂ ಬೇಡ.

ಎರಡನೆಯ ಹೆರಿಗೆಗೆ ಅವರು ಹೊತ್ತಿಗೆ ಸರಿಯಾಗಿ ಬಂದರು. "ಇವತ್ತು ಸಹ ಚೈನ್ ತುಂಡಾಯ್ತು ನೋಡು. ಆದ್ರೆ ಈಗ ನನ್ನ ಹತ್ರ ಆಯುಧ ಉಂಟು," ಎಂದು ನನ್ನ ಸೊಂಟ ನೀವುತ್ತ, ನೋವು ಮರೆಸಲು ಅದನ್ನು ಕೊಂಡ ಕತೆ ಹೇಳತೊಡಗಿದರು.

ಪುತ್ತೂರಿನ ಸೈಕಲ್ ಅಂಗಡಿಯವನು ಮೊದಲು, "ಯಜಮಾನರನ್ನು ಕಳ್ಸಿ ಅಮ್ಮ," ಎಂದನಂತೆ.

"ಯಜಮಾನರು ಹೆರಿಗೆ ಮಾಡಿಸುದಿಲ್ಲ, ನಾನು ಮಾಡಿಸುದು," ಎಂದರಂತೆ ಇವರು.

ಆಮೇಲೆ ಅವನು ಚೈನಿನ ಮೊಳೆಯನ್ನು ತಿರುಪಿನಿಂದ ಒತ್ತಿ ಹೊರಡಿಸುವ ಸಾಧನಗಳನ್ನು ಮುಂದಿಟ್ಟ. ಒಂದು ಮೊಳದುದ್ದದ್ದು, ಅಂಗಡಿಗೆ ಸರಿ, ಚೀಲಕ್ಕಲ್ಲ. ಇನ್ನೊಂದು ಫಳಫಳ ಹೊಳೆಯುವ ಪುಟ್ಟದ್ದು. ಇವರು ಮೂಲೆಯಲ್ಲಿ ಬಿದ್ದಿದ್ದ ತುಕ್ಕು ಚೈನನ್ನು ಎತ್ತಿ, ಬೇಕೆಂದೇ ಕೈಗೆ ಎಣ್ಣೆ ಹಚ್ಚಿಕೊಂಡು, ಒಂದೊಂದನ್ನೂ ಅದಕ್ಕೆ ಸಿಕ್ಕಿಸಿ ಅಲ್ಲೇ ತಿರುಗಿಸಿದರು. ಹೊಳೆಯುವುದರ ಮೊನೆ ಬಾಗಿತು. ಆರಿಸಿದ್ದು ಅಂಗೈಯೊಳಗೆ ಅಡಗುವ, ಜಾರುವ ಕೈಗೂ ಹಿಡಿತ ಸಿಗುವ, ಮೊನೆ ಬಾಗದ ಒಂದು ಕರಿ ಗಿಡ್ಡದನ್ನು.

"ಸೂಜಿ ತೆಗೊಳ್ಳುವಾಗ ಹೊಳಪು ನೋಡುದಾ? ಮೊನೆ ನೋಡುದು... ಹಾಂ, ಈಗ ಜೋರು ಕೊಡು!"

ಮಗಳು ಹುಟ್ಟಿದಳು. ಮನೆ ಹಾರಿಹೋಗುವಂತೆ ಅತ್ತಳು.

ಅವರು ಸ್ನಾನಕ್ಕೆ ಹೋದರು. ಕಿಟಕಿಯಲ್ಲಿ ನೋಡುತ್ತೇನೆ, ಅತ್ತೆ ಕೊಡ ಎತ್ತಿಕೊಂಡು ಸೈಕಲ್ಲಿನ ಕಡೆ ಹೊರಟಿದ್ದಾರೆ! ಆ ಮನೆಯಲ್ಲಿ ಅದುವರೆಗೆ ನನ್ನ ಸ್ವರ ಎತ್ತರಕ್ಕೆ ಹೋದದ್ದೇ ಇಲ್ಲ.

"ಅತ್ತೇ, ಅದಕ್ಕೆ ಒಂದು ಹನಿ ಬಿದ್ರೂ ನಾನು ಈಗಲೇ ಎದ್ದು ಬರ್ತೇನೆ. ನಿಮ್ಮ ಅಡಿಗೆಕೋಣೆ, ಬಾವಿಕಟ್ಟೆ, ದೇವರ ಕೋಣೆ, ಎಲ್ಲ ಮುಟ್ತೇನೆ!"

ಹಸಿ ಬಾಣಂತಿ ಬಾವಿ ಮುಟ್ಟಿದರೆ ಏನೇನು ಶುದ್ಧ ಮಾಡಬೇಕೆಂದು ಅತ್ತೆಗೆ ಚೆನ್ನಾಗಿ ಗೊತ್ತು. ಕೊಡ ಕೆಳಗಿಟ್ಟರು. ಬಚ್ಚಲಿನಿಂದ ನಗು ಕೇಳಿಸಿತು. "ಎಂತ ಮಾರಾಯ್ತಿ, ಹೆತ್ತ ಮೇಲೂ ಇಷ್ಟು ಶಕ್ತಿ ಉಂಟಾ!"

ಮಗಳು ಶಾಲೆಗೆ ಹೋಗುವ ಕಾಲಕ್ಕೆ ನರ್ಸಮ್ಮ ಕಡಬದಲ್ಲಿ ತಂಗಿಯ ಮನೆಯಲ್ಲಿ ತೀರಿಕೊಂಡರು. ಅಂಗಳದ ತುಂಬ ಜನ. ದೇವರಂಥವರು ಎಂದು ಹೊಗಳುವವರಿಗೆ ಬರವಿರಲಿಲ್ಲ. ಬದುಕಿದ್ದಾಗ ಕೊಡ ಎತ್ತಿದವರೇ ಎಷ್ಟೋ ಮಂದಿ. ಹೆಣ ಎತ್ತಿದ ಮೇಲೆ ಮನೆ ತೊಳೆಯಲು ಶುರುಮಾಡಿದರು. ಒಬ್ಬಾಕೆ ಬಾಲ್ದಿ ಹಿಡಿದು ಗೋಡೆಗೊರಗಿದ್ದ ಸೈಕಲ್ಲಿನ ಕಡೆಗೂ ಬಂದಳು. ಈಗ ಸಾವಿನ ಸೂತಕವಂತೆ.

ನಾನು ಅಡ್ಡ ನಿಂತೆ. ಅವಳು ಅತ್ತ ಹೋಗುವವರೆಗೂ ಕದಲಲಿಲ್ಲ. ಆಮೇಲೆ ಚೈನಿನ ಒಂದೊಂದು ಕಣ್ಣಿಗೂ ಎಣ್ಣೆ ಬಿಟ್ಟು ಹೆಬ್ಬೆರಳಿನಿಂದ ತಿಕ್ಕಿದೆ.

ಮನೆಗೆ ಬಂದು ಸ್ನಾನ ಮಾಡಲಿಲ್ಲ. ಉಗುರಿನ ಕಪ್ಪು ಹಾಗೇ ಇದ್ದ ಕೈಯಲ್ಲಿ ಮಗಳಿಗೆ ಅನ್ನ ಬಡಿಸಿದೆ. ಅತ್ತೆ ನೋಡಿದರು. ಮಿಂದಾಯ್ತಾ ಎಂದು ಕೇಳಲಿಲ್ಲ.