ಉಗಾರದ ಕಾಶಿಬಾಯಿ ಕಾಕು ಉಗಾಂಡಾದಲ್ಲಿ

ನಮ್ಮ ಕಾಶಿಬಾಯಿ ಕಾಕು ಐವತ್ತೈದು ವರ್ಷದ ತನಕ ನೋಡಿದ್ದ ಪರರಾಜ್ಯ ಅಂದರೆ ಮಿರಜ. ಅದೂ ಕಣ್ಣಿನ ಡಾಕ್ಟರ ಹತ್ತಿರ. ಹುಟ್ಟಿದ್ದು ಐನಾಪುರದಲ್ಲಿ, ಕೊಟ್ಟದ್ದು ಉಗಾರ ಖುರ್ದಕ್ಕೆ. ತವರಿಗೆ ಹೋಗಲು ಬಸ್ ಹತ್ತಿದರೆ ಒಂದು ಪೊಟ್ಟಣ ಫುಟಾಣಿ ತಿಂದು ಮುಗಿಯುವುದರೊಳಗೆ ಇಳಿಯಬೇಕು.

ಅವಳ ಗಂಡ ಸಮ್ಮೇದ, ನನ್ನ ಅಪ್ಪನ ತಮ್ಮ, ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಪ್ಯಾನ್ ಮೇಲೆ ದುಡಿದವನು. ಪ್ಯಾನ್ ಅಂದರೆ ಎರಡಂತಸ್ತಿನ ಮನೆಯಷ್ಟು ದೊಡ್ಡ ಹಂಡೆ. ಕಬ್ಬಿನ ಪಾಕ ಅದರೊಳಗೇ ಕುದ್ದು ಹರಳು ಕಟ್ಟುವುದು. ಕಾಕಾ ಒಂದು ಹನಿ ಪಾಕವನ್ನು ಹೆಬ್ಬೆರಳು ತೋರುಬೆರಳ ನಡುವೆ ಎಳೆದು ನೋಡಿ, "ಇನ್ನ ಹತ್ತ ಮಿನಿಟ ಬೇಕು" ಅಂದರೆ ಹತ್ತೇ ಮಿನಿಟು. ಇಂಜಿನಿಯರುಗಳೂ ಎದುರು ಮಾತಾಡುತ್ತಿರಲಿಲ್ಲ. ಮನೆಯಲ್ಲಿ ಮಾತ್ರ ಚಹಾಕ್ಕೆ ಸಕ್ಕರೆ ಎಷ್ಟು ಅಂತಲೂ ಅವನನ್ನು ಯಾರೂ ಕೇಳುತ್ತಿರಲಿಲ್ಲ.

ಕಾಕಾ ನಿವೃತ್ತನಾದ ಮರುವರ್ಷ ವಿಕ್ರಾಂತನ ಫೋನು ಬಂತು. ಇವನು ನಿಪ್ಪಾಣಿಯವನು, ಕಾಕಾನ ಕೈಕೆಳಗೆ ಕೆಲಸ ಕಲಿತು ಆಫ್ರಿಕಾಕ್ಕೆ ಹೋಗಿ ಉಗಾಂಡಾದ ಒಂದು ಸಕ್ಕರೆ ಕಾರ್ಖಾನೆ ಸೇರಿದ್ದ. ಅಲ್ಲಿ ಅನುಭವದ ಪ್ಯಾನಿನವರು ಬೇಕು, ಎರಡು ವರ್ಷದ ಕರಾರು, ಇರಲು ಮನೆ ಕೊಡುತ್ತಾರೆ ಅಂದ.

"ನಾ ಒಬ್ಬನ ಹೋಗಿ ಬರತೀನಿ" ಅಂದ ಕಾಕಾ.

ಕಾಕು ಶೇಂಗಾ ಸುಲಿಯುತ್ತ ಕೂತಿದ್ದಳು. "ನಿಮ್ಮ ಅಂಗಿಗೆ ಗುಂಡಿ ಹಚ್ಚಾವ್ರು ಯಾರು ಅಲ್ಲಿ?"

"ವಾಷಿಂಗ್ ಮಷಿನ್ ಐತಂತ."

"ಮಷಿನ್ ಗುಂಡಿ ಕೀಳತೈತಿ. ಹಚ್ಚೂದಿಲ್ಲ" ಅಂದಳು. ಅಲ್ಲಿಗೆ ಅವಳು ಹೊರಡುವುದು ಖಾತ್ರಿಯಾಯಿತು.

ಐನಾಪುರದ ಅವಳ ಅಣ್ಣ ಆಬಾಸಾಹೇಬನಿಗೆ ಫೋನಿನಲ್ಲಿ ಸುದ್ದಿ ಹೇಳಿದಾಗ ಆತ, "ಉಗಾರದಾಗ ಇದ್ದಾಕಿ ಮತ್ತ ಉಗಾರಕ್ಕ ಹೊಂಟೇನಿ ಅಂತೀಯಲ್ಲ" ಅಂದನಂತೆ.

"ಉಗಾರ ಅಲ್ಲೋ ಅಣ್ಣಾ, ಉಗಾಂಡಾ."

"ಅದು ಯಾವ ತಾಲೂಕಿನಾಗ ಬರತೈತಿ?"

ವಿಮಾನದಲ್ಲಿ ಒಬ್ಬರಿಗೆ ಇಪ್ಪತ್ಮೂರು ಕೆಜಿ ಅಂದರು. ಹಂಚು, ಹನ್ನೆರಡು ಕೆಜಿ ಜೋಳದ ಹಿಟ್ಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹಪ್ಪಳ ಎಲ್ಲ ತುಂಬಿದ ಮೇಲೆ ಕಾಕಾನ ಬಟ್ಟೆಗೆ ಉಳಿದದ್ದು ಆರು ಕೆಜಿ. ಜನವರಿಯಲ್ಲಿ ಹೋಗಿ ಇಳಿದರು. ವಿಮಾನ ನಿಲ್ದಾಣದಿಂದ ಜೀಪಿನಲ್ಲಿ ಮೂರು ತಾಸು ಕೂತು ಕೆಂಪು ಮಣ್ಣಿನ ರಸ್ತೆಯ ತುದಿಗೆ ಬಂದರೆ ಕ್ವಾರ್ಟರ್ಸು. ಸುತ್ತ ಕಣ್ಣು ಹರಿದಷ್ಟು ದೂರ ಕಬ್ಬು. ಕಾಕು ಅಂಗಳದಲ್ಲಿ ನಿಂತು ನಾಲ್ಕೂ ದಿಕ್ಕು ನೋಡಿ, "ಇಷ್ಟ ದೂರ ಬಂದು ಮತ್ತ ಕಬ್ಬ ನೋಡೂದಾತಲ್ಲ" ಅಂದಳು.

ಆದರೆ ಹದಿನೈದು ದಿನದೊಳಗೆ ಆ ದೇಶದ ಮೇಲೆ ಅವಳಿಗೆ ಗೌರವ ಬಂತು. ಕಾರಣ ಅಲ್ಲಿಯ ಸೂರ್ಯ. ನಮ್ಮ ಜೈನರ ಮನೆಗಳಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಉಗಾರದಲ್ಲಿ ಚಳಿಗಾಲಕ್ಕೊಂದು ವೇಳೆ, ಬೇಸಿಗೆಗೊಂದು ವೇಳೆ ಅಂತ ಅವಳು ದಿನಾ ಹೊರಗೆ ಬಂದು ಪಡುವಣ ನೋಡಬೇಕಾಗುತ್ತಿತ್ತು. ಉಗಾಂಡಾ ಭೂಮಧ್ಯರೇಖೆಯ ಮೇಲೇ ಇದೆ. ವರ್ಷವಿಡೀ ಸೂರ್ಯ ಅದೇ ವೇಳೆಗೆ ಹುಟ್ಟುತ್ತಾನೆ, ಅದೇ ವೇಳೆಗೆ ಮುಳುಗುತ್ತಾನೆ. "ಇಲ್ಲಿ ಸೂರ್ಯಾ ಶಿಸ್ತಿನಂವ ಅದಾನ" ಅಂತ ನನಗೆ ಫೋನಿನಲ್ಲಿ ಹೇಳಿದಳು.

ಭಾಷೆಯೂ ಕಾಡಲಿಲ್ಲ. ಕಾಕಾ ಇಂಗ್ಲಿಷಿನಲ್ಲಿ ವ್ಯಾಕರಣ ಜೋಡಿಸುವ ಹೊತ್ತಿಗೆ ಕಾಕು ಮಾತು ಮುಗಿಸಿ ಬಂದಿರುತ್ತಿದ್ದಳು. ಅಂಗಡಿಗೆ ಅಲ್ಲಿ ದೂಕಾ ಅನ್ನುತ್ತಾರೆ. ಸೈಕಲ್ಲಿಗೆ ಗಾಲಿ. ಚಹಾಕ್ಕೆ ಚಾಯಿ. ಚಪಾತಿಗೆ ಚಪಾತಿ. "ಅರ್ಧಾ ನಮ್ಮ ಮರಾಠಿನ ಐತಿ. ಉಳದರ್ಧಾ ಕೈ ಮಾಡಿದ್ರ ತಿಳೀತೈತಿ" ಅಂತಿದ್ದಳು. ಸಂತೆಯಲ್ಲಿ ಕಾಳು ಮಾರುವ ನಕಾಟೊ ಎಂಬ ಹೆಂಗಸು ಮೊದಲ ವಾರವೇ ಗೆಳತಿಯಾದಳು. ಇಬ್ಬರೂ ಒಂದೇ ವಯಸ್ಸು, ಇಬ್ಬರದೂ ಒಂದೇ ದಪ್ಪ, ಇಬ್ಬರಿಗೂ ಮೊಣಕಾಲು ನೋವು. ಮಾತಿಗೆ ಅಷ್ಟು ಸಾಕು.

ನಕಾಟೊ ಕಲಿಸಿದ ಒಂದು ವಿದ್ಯೆ ಕಾಕಾಗೆ ಕೊನೆಗೂ ಹತ್ತಲಿಲ್ಲ. ಅಲ್ಲಿಯ ಜನ ತಮ್ಮ ಮಾತಿನಲ್ಲಿ ವೇಳೆ ಹೇಳುವಾಗ ಹೊತ್ತು ಹುಟ್ಟಿದಲ್ಲಿಂದ ಎಣಿಸುತ್ತಾರೆ. ನಮ್ಮ ಮುಂಜಾನೆ ಏಳು ಅವರಿಗೆ ಒಂದು, ಎಂಟು ಅವರಿಗೆ ಎರಡು. ಕಾಕುಗೆ ಇದು ಸಹಜವಾಗಿಯೇ ತೋರಿತು. ಮೂವತ್ತು ವರ್ಷ ಶಿಫ್ಟಿನ ಭೋಂಗಾ ಕೇಳಿ ಎದ್ದ ಕಾಕಾ ಮಾತ್ರ, "ಗಡಿಯಾರಾ ಎಲ್ಲಿ ಹೋದ್ರೂ ಗಡಿಯಾರಾನ" ಅಂತ ಹಟ ಹಿಡಿದ.

ಒಂದು ರವಿವಾರ ನೈಲ್ ನದಿ ಹುಟ್ಟುವ ಜಾಗ ನೋಡಿ ಬರಬೇಕೆಂದು ಕಾಕಾ ಕಾರ್ಖಾನೆಯ ಜೀಪು ಗೊತ್ತುಮಾಡಿದ. ಹೊಸದಾಗಿ ಕಲಿತ ಮಾತು ತೋರಿಸಲು ಡ್ರೈವರನಿಗೆ, "ಸಾವಾ ಬಿರಿ" ಅಂದ, ಎರಡು ಗಂಟೆಗೆ ಅಂತ. ಊಟ ಮಾಡಿ ಮಧ್ಯಾಹ್ನ ಎರಡಕ್ಕೆ ಹೊರಡೋಣ ಎಂದು ಅವನ ಲೆಕ್ಕ. ಮುಂಜಾನೆ ಎಂಟಕ್ಕೆ ಜೀಪು ಬಾಗಿಲಲ್ಲಿ ಹಾರ್ನ್ ಹೊಡೆಯಿತು. ಕಾಕಾ ಟವೆಲ್ ಸುತ್ತಿಕೊಂಡು, ಮುಖಕ್ಕೆಲ್ಲ ಸಾಬೂನಿನ ಬುರುಗು ಹಚ್ಚಿಕೊಂಡು ಹೊರಗೆ ಬಂದ. ಕಾಕು ಸೀರೆ ಉಟ್ಟು, ರೊಟ್ಟಿ ಗಂಟು ಕಟ್ಟಿಕೊಂಡು ಜೀಪಿನಲ್ಲಿ ಕೂತಾಗಿತ್ತು.

"ನಿನಗ ಹೆಂಗ ಗೊತ್ತಾತು?"

"ನೀವ ಹೇಳಿದ್ರೆಲ್ಲಾ, ಬಿರಿ ಅಂತ."

ನದಿಯ ದಂಡೆಯಲ್ಲಿ ನಿಂತು ಕಾಕಾ, ಈ ನೀರು ಇಲ್ಲಿಂದ ಸಮುದ್ರ ಮುಟ್ಟಲು ಮೂರು ತಿಂಗಳು ಹಿಡಿಯುತ್ತದಂತೆ, ನಡುವೆ ಮರುಭೂಮಿ ದಾಟುತ್ತದಂತೆ ಅಂತ ಓದಿದ್ದನ್ನೆಲ್ಲ ಹೇಳಿದ. ಕಾಕು ಒಂದು ಬೊಗಸೆ ನೀರು ಕಣ್ಣಿಗೆ ಹಚ್ಚಿಕೊಂಡು, "ಮೂರ ತಿಂಗಳ ಹಾದ್ಯಾಗ ಎಷ್ಟ ಮಂದಿ ಮೋಟರ್ ಹಚ್ಚಿರಬೇಕು" ಅಂದಳು. ಕೃಷ್ಣಾ ದಂಡೆಯವಳಿಗೆ ಅದೇ ಮೊದಲು ಹೊಳೆಯುವುದು.

ಒಬ್ಬರಿಗೆ ದಿನಕ್ಕೆ ಒಂದೇ ರೊಟ್ಟಿ ಅಂತ ಎಳೆದರೂ ಎರಡು ತಿಂಗಳಿಗೆ ಹಿಟ್ಟು ಮುಗಿಯಿತು. ಜೋಳ ಎಲ್ಲಿ ಸಿಗುತ್ತದೆ ಅಂತ ಕೇಳಿದರೆ ಜೋಳದ ಮೂಟೆ ನಕಾಟೊಳ ಅಂಗಡಿಯಲ್ಲೇ ಇತ್ತು. ಅಲ್ಲಿ ಅದಕ್ಕೆ ಮುವೆಂಬಾ ಅನ್ನುತ್ತಾರೆ. ಮೊದಲ ಸಲ ತಂದದ್ದು ಕೆಂಪು ಜೋಳ, ರೊಟ್ಟಿ ಕಹಿಯಾದವು. ಮುಂದಿನ ವಾರ ಕಾಕು ಕಾಕಾನನ್ನೇ ಸಂತೆಗೆ ಕರೆದೊಯ್ದು, ಅವನ ತಲೆಗೂದಲು ತೋರಿಸಿ, ಈ ಬಣ್ಣದ್ದು ಬೇಕು ಅಂದಳು. ನಕಾಟೊ ಬಿಳಿ ಜೋಳ ತರಿಸಿಕೊಟ್ಟಳು. ಹದಿನೈದು ದಿನಕ್ಕೆ ಹದಿನೈದು ಕೆಜಿ. ಕಾಕು ಅದನ್ನು ಗಿರಣಿಯಲ್ಲಿ ಬೀಸಿಸಿ ತರುತ್ತಿದ್ದಳು.

ಆ ಸೀಮೆಯಲ್ಲಿ ಜೋಳದಿಂದ ರೊಟ್ಟಿ ಯಾರೂ ಮಾಡುವುದಿಲ್ಲ. ಜೋಳ ಇರುವುದು ಹೆಂಡ ಮಾಡಲಿಕ್ಕೆ. ಕಾಕುಗೆ ಇದು ಗೊತ್ತಿರಲಿಲ್ಲ. ಇಬ್ಬರೇ ಇರುವ ಮನೆಗೆ ಇಷ್ಟು ಜೋಳ ಹೋಗುವುದನ್ನು ನೋಡಿ ಗಿರಣಿಯವನು ಏನು ತಿಳಿಯಬೇಕೋ ಅದನ್ನೇ ತಿಳಿದ, ಮತ್ತು ಹತ್ತು ಜನಕ್ಕೆ ಹೇಳಿದ. ಭಾರತದ ಅಮ್ಮ ಬಾಗಿಲು ಹಾಕಿಕೊಂಡು ಒಳ್ಳೆಯ ಮಾಲು ತಯಾರಿಸುತ್ತಾಳೆ, ಗಂಡ ಕೆಲಸದಿಂದ ಬರುವಾಗ ಕಣ್ಣು ಕೆಂಪಗಿರುತ್ತವೆ. ಕಣ್ಣು ಪ್ಯಾನಿನ ಕಾವಿಗೆ ಕೆಂಪಾಗುತ್ತಿದ್ದವು. ಅದನ್ನು ಯಾರು ಕೇಳಬೇಕು.

ಒಂದು ಶನಿವಾರ ಮಧ್ಯಾಹ್ನ ನಾಲ್ಕಕ್ಕೆ ಮೂವರು ಗಂಡಸರು ಕಾಕುವಿನ ಬಾಗಿಲಿಗೆ ಬಂದರು. ಕಬ್ಬು ಕಡಿಯುವವರು, ಮಿಂದು ಮಡಿ ಅಂಗಿ ತೊಟ್ಟಿದ್ದರು. ಒಬ್ಬೊಬ್ಬರ ಕೈಯಲ್ಲೂ ಆಳೆತ್ತರದ ಒಂದು ಕೊಳವೆ. ಅವರ ಕಡೆ ಹೆಂಡದ ಗಡಿಗೆಯನ್ನು ನಡುವೆ ಇಟ್ಟು, ಸುತ್ತ ಕೂತು, ಅಂಥ ಕೊಳವೆಯಿಂದ ಎಲ್ಲರೂ ಒಟ್ಟಿಗೆ ಹೀರುತ್ತಾರೆ. ಕಾಕುಗೆ ಆ ಕೊಳವೆ ಕಂಡು ಬಹಳ ಸಮಾಧಾನವಾಯಿತು. ಸೋಮವಾರದಿಂದ ಬಚ್ಚಲ ಮೋರಿ ಕಟ್ಟಿತ್ತು, ಕಾಕಾ ಕಂಪ್ಲೇಂಟ್ ಕೊಟ್ಟಿದ್ದ. ಅವರನ್ನು ಹಿತ್ತಲಿಗೆ ಕರೆದೊಯ್ದು ಮೋರಿ ತೋರಿಸಿದಳು. ಮೂವರೂ ಬಗ್ಗಿ ನೋಡಿದರು, ಪಾಪ ಅನ್ನುವಂತೆ ತಲೆ ಆಡಿಸಿದರು, ತಿರುಗಿ ಬಂದು ಪಡಸಾಲೆಯಲ್ಲಿ ಕೂತರು.

ಬಿಸಿಲಿಗೆ ದಣಿದಿರಬೇಕು ಅಂದುಕೊಂಡ ಕಾಕು, ಮಣ್ಣಿನ ಗಡಿಗೆಯಲ್ಲಿ ತಣ್ಣಗಿಟ್ಟಿದ್ದ ಮಜ್ಜಿಗೆಗೆ ಜೀರಿಗೆ, ಕೊತ್ತಂಬರಿ ಹಾಕಿ ಗಡಿಗೆ ಸಮೇತ ತಂದಿಟ್ಟಳು. ಲೋಟ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಮೂರು ಕೊಳವೆಗಳು ಗಡಿಗೆಯೊಳಗೆ ಇಳಿದಿದ್ದವು. ಮೂವರೂ ಕಣ್ಣು ಮುಚ್ಚಿ ಹೀರುತ್ತಿದ್ದರು. ಹಿರಿಯವನು ಸ್ವಲ್ಪ ಹೊತ್ತು ವಿಚಾರ ಮಾಡಿ ಏನೋ ಹೇಳಿದ. ಹುಳಿ ಚೆನ್ನಾಗಿದೆ, ಆದರೆ ಇನ್ನೂ ಮೂರು ದಿನ ಇಡಬೇಕಿತ್ತು ಅಂತ ಅವನ ಮಾತಿನ ಅರ್ಥ. ಅದು ಗೊತ್ತಾದದ್ದು ಆಮೇಲೆ, ನಕಾಟೊ ಬಿಡಿಸಿ ಹೇಳಿದಾಗ.

ಶಿಫ್ಟ್ ಮುಗಿಸಿ ಬರುತ್ತಿದ್ದ ಕಾಕಾನ ಜೊತೆ ಅವತ್ತು ಕ್ವಾರ್ಟರ್ಸಿನ ಕಾವಲು ಅಧಿಕಾರಿ ವಾಯ್ಸ್ವಾನೂ ಬಂದ. ದೊಡ್ಡ ಆಳು, ಸಣ್ಣ ದನಿ. ಕ್ವಾರ್ಟರ್ಸಿನಲ್ಲಿ ಹೆಂಡ ಮಾಡುವಂತಿಲ್ಲ ಎಂಬ ನಿಯಮವಿತ್ತು, ಗಿರಣಿಯ ಸುದ್ದಿ ಅವನ ಕಿವಿಗೂ ಬಿದ್ದಿತ್ತು. ಪಡಸಾಲೆಯ ದೃಶ್ಯ ನೋಡಿ ಅವನು ಕಾಕಾನ ಮುಖ ನೋಡಿದ. ಜನ್ಮದಲ್ಲಿ ಹನಿ ಮುಟ್ಟದ ಕಾಕಾ ಗೋಡೆ ಹಿಡಿದು ನಿಂತುಬಿಟ್ಟ.

"ಮನೆ ನೋಡಬೇಕಾಗುತ್ತದೆ" ಅಂದ ವಾಯ್ಸ್ವಾ, ಇಂಗ್ಲಿಷಿನಲ್ಲಿ.

"ಏನಂತಾನ?" ಕಾಕು ಕೇಳಿದಳು.

"ನೀ ಸೆರೇ ಕಾಸ್ತೀ ಅಂತಾನ" ಅಂದ ಕಾಕಾ.

ಕಾಕು ಸಿಟ್ಟಾಗಲಿಲ್ಲ. ವಾಯ್ಸ್ವಾನನ್ನು ಒಳಗೆ ಕರೆದು ಅಡಿಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂರಿಸಿದಳು. ಹಿಟ್ಟು ನಾದಿದಳು. ಪಟಪಟ ಬಡಿದು, ಹಂಚಿಗೆ ಹಾಕಿ, ನೀರು ಸವರಿ ತಿರುವಿದಳು. ಕೊಳವೆಯವರು ಮೂವರೂ ಕಿಟಕಿಗೆ ಬಂದು ನಿಂತರು. ರೊಟ್ಟಿ ಪುರಿಯಂತೆ ಉಬ್ಬಿದಾಗ ಒಬ್ಬನಿಗೆ ಬಹಳ ದುಃಖವಾದಂತೆ ಕಂಡಿತು. ಅಷ್ಟು ಒಳ್ಳೆಯ ಜೋಳ. ವಾಯ್ಸ್ವಾ ಶೇಂಗಾ ಚಟ್ನಿ ಹಚ್ಚಿಕೊಂಡು ಎರಡು ರೊಟ್ಟಿ ತಿಂದ, ಗಡಿಗೆ ಮೂಸಿದ, ಸಂಶಯವಿಲ್ಲ ಅಂದ.

ಅಷ್ಟಕ್ಕೇ ಎದ್ದು ಹೋಗಬಹುದಿತ್ತು. ಆದರೆ ಅವನು ನಿಯಮದ ಮನುಷ್ಯ. ಮನೆಯಲ್ಲಿರುವ ಚೀಲಗಳನ್ನೆಲ್ಲ ನೋಡಿದ್ದೇನೆ ಅಂತ ಬರೆಯಬೇಕಾಗುತ್ತದೆ ಎಂದು ಕಾಕಾನ ಕೈಚೀಲ ಕೇಳಿದ. ಕಾಕಾ ಕೊಡಲು ಸ್ವಲ್ಪ ತಡಮಾಡಿದ. ಚೀಲದೊಳಗೆ ವರ್ತಮಾನ ಪತ್ರಿಕೆಯಲ್ಲಿ ಸುತ್ತಿದ ಒಂದು ಪೊಟ್ಟಣ, ಇನ್ನೂ ಬಿಸಿಯಿತ್ತು. ಬಿಚ್ಚಿದರೆ ಉದ್ದುದ್ದ ಕರಿದ ತುಂಡುಗಳು.

"ಏನಿದು?" ಕಾಕು ಕೇಳಿದಳು.

ವಾಯ್ಸ್ವಾ ಸಹಾಯ ಮಾಡುವ ಮನಸ್ಸಿನಿಂದ, ಇದು ಕಸಾವಾ, ಕಾರ್ಖಾನೆಯ ಗೇಟಿನಲ್ಲಿ ಕರಿಯುತ್ತಾರೆ, ಬಹಳ ರುಚಿ ಅಂತ ಹೇಳಿ, ಅವಳಿಗೆ ತಿಳಿಯಲೆಂದು ಎರಡೂ ಕೈಯಿಂದ ನೆಲ ಅಗೆದು ಗಡ್ಡೆ ಎಳೆದು ತೆಗೆಯುವಂತೆ ಮಾಡಿ ತೋರಿಸಿದ. ಅಷ್ಟು ಸ್ಪಷ್ಟವಾಗಿ ಯಾರೂ ತೋರಿಸಲಾರರು. ನೆಲದೊಳಗಿನ ಗಡ್ಡೆ ನಮ್ಮಲ್ಲಿ ನಿಷಿದ್ಧ. ಕಾಕುವಿನ ಮನೆಗೆ ಉಳ್ಳಾಗಡ್ಡಿಯೂ ಬಂದದ್ದಿಲ್ಲ.

"ಎಷ್ಟ ದಿನದಿಂದ ನಡದೈತಿ?"

"ಫೆಬ್ರುವರಿಯಿಂದ" ಅಂದ ಕಾಕಾ. ಆಮೇಲೆ, "ಶೇಂಗಾನೂ ನೆಲದಾಗಿಂದ ಬರತೈತೆಲ್ಲ" ಅಂತ ಸೇರಿಸಿದ.

"ಶೇಂಗಾ ಕಾಯಿ. ಇದು ಗಡ್ಡಿ. ಮೂವತ್ತ ವರ್ಷ ಕಬ್ಬ ಅರದೀರಿ, ಗಿಡದಾಗ ಯಾವುದು ಏನಂತ ಗೊತ್ತಾಗಲಿಲ್ಲ ನಿಮಗ."

ವಾಯ್ಸ್ವಾ ತಾನು ಬಂದ ಕೆಲಸ ಮುಗಿಯಿತೋ ಇಲ್ಲವೋ ತಿಳಿಯದೆ ಟೊಪ್ಪಿಗೆ ತೆಗೆದುಕೊಂಡು ಹೊರಟುಹೋದ. ಹೋಗುವಾಗ ಪೊಟ್ಟಣವನ್ನು ಕಾಕು ಅವನ ಕೈಗೇ ಕೊಟ್ಟಳು.

ಮೂರನೆಯ ದಿನ ಕಾಕು ನಕಾಟೊಳನ್ನು ಕರೆದುಕೊಂಡು ಕಾರ್ಖಾನೆಯ ಗೇಟಿಗೆ ಹೋಗಿ, ಕರಿಯುವ ಹೆಂಗಸರ ಜೊತೆ ಕೂತು ಬಂದಳು. ಮರುದಿನದಿಂದ ಕಾಕಾ ಅಲ್ಲಿ ನಿಂತರೆ ಅವರು ಸುಟ್ಟ ಗೋವಿನಜೋಳದ ತೆನೆ ಕೊಟ್ಟು, ಬೆರಳನ್ನು ಮೇಲಕ್ಕೆ ಮಾಡಿ ತೋರಿಸುತ್ತಿದ್ದರು. ಇದು ಮೇಲಿನದು, ತಿನ್ನಬಹುದು ಅಂತ. ಎರಡನೆಯ ಗೇಟಿನಲ್ಲೂ ಇದೇ ಆಯಿತು.

ಎರಡು ವರ್ಷ ಮುಗಿದಾಗ ಮ್ಯಾನೇಜರು ಇನ್ನೊಂದು ಕರಾರು ಮುಂದಿಟ್ಟ. ಕಾಕಾಗೆ ಊರ ನೆನಪು ಹತ್ತಿತ್ತು. ಮನೆಗೆ ಬಂದು ಕೇಳಿದ. ಕಾಕು, "ನಕಾಟೊನ ಮಗಳ ಲಗ್ನ ಜುಲೈದಾಗ ಐತಿ. ಅದನ್ನ ಬಿಟ್ಟ ಹೆಂಗ ಬರಾಕ ಬರತೈತಿ?" ಅಂದಳು. ಕಾಕಾ ಸಹಿ ಹಾಕಿದ.

ಆ ಖುಷಿಗೆ ವಿಕ್ರಾಂತನನ್ನು ಊಟಕ್ಕೆ ಕರೆದರು. ನಿಪ್ಪಾಣಿಗೆ ಕೊಟ್ಟಿದ್ದ ತಮ್ಮ ಮಗಳು ಮಯೂರಿ ಕಳಿಸಿದ್ದ ಸಾಬೂದಾಣಿಯ ವಡೆ ಮಾಡಿದ್ದಳು ಕಾಕು. ಅದು ಕಾಕಾನಿಗೆ ಜೀವ. ನಾಲ್ಕನೆಯ ವಡೆಗೆ ಕೈ ಹಾಕುತ್ತಿದ್ದಾಗ ವಿಕ್ರಾಂತ ನಗುತ್ತ, "ಕಾಕೂ, ನೀವು ಕಾಕಾನ ಕಸಾವಾ ಬಂದ್ ಮಾಡಿದ್ರಿ. ಸಾಬೂದಾಣಿ ಆಗೂದೂ ಅದ ಗಡ್ಡಿಯಿಂದ, ಗೊತ್ತೈತೇನ್ರಿ?" ಅಂದ.

ಕಾಕು ಅವನನ್ನೇ ನೋಡಿದಳು. "ಖರೇನ?"

ವಿಕ್ರಾಂತ ಫೋನಿನಲ್ಲಿ ಚಿತ್ರ ತೆಗೆದು ತೋರಿಸಿದ. ಗಡ್ಡೆ, ಅದರ ಹಿಟ್ಟು, ಮಣಿಯಾಗುವ ಯಂತ್ರ, ಎಲ್ಲ ಇತ್ತು. ಕಾಕಾ ಮುಖವರಳಿಸಿ ಕೂತ. ಮದುವೆಯಾದ ಮೂವತ್ತೈದು ವರ್ಷದಲ್ಲಿ ಮೊದಲ ಸಲ ವಾದದಲ್ಲಿ ಗೆದ್ದಂತೆ ಅವನಿಗೆ ಅನ್ನಿಸಿರಬೇಕು. ಇನ್ನು ಗೇಟಿನ ಹೆಂಗಸರಿಗೆ ಏನು ಹೇಳಬೇಕೆಂದೂ ಯೋಚಿಸಿದ್ದನೋ ಏನೋ.

ಕಾಕು ಎದ್ದು ಬಂದು ಮೂವರ ತಾಟಿನಿಂದಲೂ ವಡೆ ತೆಗೆದಳು. ಡಬ್ಬಿಯಲ್ಲಿ ಉಳಿದಿದ್ದ ಸಾಬೂದಾಣಿಯನ್ನು ಚೀಲಕ್ಕೆ ಸುರುವಿ, ನಾಳೆ ನಕಾಟೊಗೆ ಕೊಡಲು ಬಾಗಿಲ ಹತ್ತಿರ ಇಟ್ಟಳು. ಆಮೇಲೆ ಎಲ್ಲರಿಗೂ ಅನ್ನ ಬಡಿಸಿದಳು.

ಕಾಕಾ ಅನ್ನವನ್ನು ತಾಟಿನ ಅಂಚಿಗೆ ಸರಿಸಿ, "ವಿಕ್ರಾಂತ, ನಿನ್ನ ಯಾರ ಕೇಳಿದ್ರೋ?" ಅಂದ.