ಚಿಕ್ಕಿಯ ‘ಇತ್ತ್’

ಕಿರಿಮಂಜೇಶ್ವರದ ನನ್ನ ಚಿಕ್ಕಿ, ಮೀನು ಮಾರುವ ಚಿಕ್ಕಮ್ಮ, ಕೋರ್ಟಿನಲ್ಲಿ ಹೆದರಿ ತಪ್ಪು ಸಾಕ್ಷಿ ಹೇಳಿದಳಂತೆ. ನಿನ್ನೆ ಮದುವೆಯೂಟದಲ್ಲಿ ಈ ಕಥೆ ಪಾಯಸಕ್ಕಿಂತ ಮೊದಲೇ ಎಲೆಗೆ ಬಂತು. ನಾನು ಒಪ್ಪುವುದಿಲ್ಲ. ಮೀನುಪೇಟೆಯಲ್ಲಿ ಚೌಕಾಸಿ ಮಾಡಿದವರ ವಂಶವನ್ನೇ ವಿಚಾರಿಸಿಕೊಳ್ಳುವ ಹೆಂಗಸು ಹೆದರಿದಳು ಎನ್ನುವವರು ಮೊದಲು ಪುರಾವೆ ಕೊಡಲಿ. ನೀವೇ ನ್ಯಾಯ ಹೇಳಿ.

ಚಿಕ್ಕಿಯ ಅಂಗಳಕ್ಕೆ ಮೀನಿನ ರಿಕ್ಷಾ ಬರುತ್ತಿದ್ದ ದಾರಿಗೆ ಅಡ್ಡವಾಗಿ ಪಕ್ಕದ ಮನೆಯವರು ಕೆಂಪುಕಲ್ಲಿನ ಗೋಡೆ ಎಬ್ಬಿಸಿದರು. ಐಸಿನ ಪೆಟ್ಟಿಗೆಗಳು ಹೆದ್ದಾರಿಯಲ್ಲೇ ಇಳಿದು ಚಿಕ್ಕಿಯ ತಲೆಯೇರಿ ಮನೆಗೆ ಬರತೊಡಗಿದವು. ದಾರಿ ಹೋದರೆ ವ್ಯಾಪಾರವೂ ಹೋದಂತೆ. ಗೋಡೆ ತೆಗೆಸಲು ಚಿಕ್ಕಿ ಕುಂದಾಪುರದ ಕೋರ್ಟಿನಲ್ಲಿ ಮೊಕದ್ದಮೆ ಹೂಡಿದಳು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವಳು ನಾನು, ಸುಮ್ಮನಿರುತ್ತೇನೆಯೆ? ವ್ಯೂಹ ರಚಿಸಿದೆ. ಫೋಟೊ ತೆಗೆಸುವುದು ಮಾವನ ಕೆಲಸ, ಸರ್ವೆ ನಕ್ಷೆ ತಮ್ಮನದು. ರಿಕ್ಷಾದವನನ್ನು ಸಾಕ್ಷಿಗೆ ಒಪ್ಪಿಸುವ ಕಷ್ಟ ಚಿಕ್ಕಪ್ಪನಿಗೆ. ಚಿಕ್ಕಿ ಮಾತ್ರ ಕೇಳಿದ್ದಕ್ಕೆ ಒಂದೇ ಪದದಲ್ಲಿ ಉತ್ತರಿಸಬೇಕು. ನಮ್ಮ ವಕೀಲರು ಎಲ್ಲವನ್ನೂ ಕೇಳಿ, “ಹಂಗಾರೆ ನಂಗೆಂತ ಕೆಲ್ಸ ಮಾರಾಯ್ತಿ?” ಎಂದರು.

ಪಾಟೀಸವಾಲಿನ ದಿನ ಎದುರು ಪಕ್ಷದ ವಕೀಲರು, ಕುಂದಾಪುರದಲ್ಲೇ ಹುಟ್ಟಿ ಬೆಳೆದವರು, ಎದ್ದು ಮೆತ್ತಗೆ ಕೇಳಿದರು: “ಅಲ್ಲಿ ಗೋಡೆ ಇತ್ತಾ?”

“ಇತ್ತ್,” ಎಂದಳು ಚಿಕ್ಕಿ. ಒಂದೇ ಪದ. ನಾನು ಹಿಂದಿನ ಬೆಂಚಿನಲ್ಲಿ ಹೆಮ್ಮೆಯಿಂದ ಬೀಗಿದೆ.

ನಮ್ಮ ಕಡೆ ‘ಇತ್ತ್’ ಎಂದರೆ ‘ಇದೆ’. ನ್ಯಾಯಾಧೀಶರು ಬಯಲುಸೀಮೆಯವರು. ಅವರು ಬರೆಸಿದ್ದು, ಗೋಡೆ ಇತ್ತು ಎಂದು. ಅಂದರೆ ಗೋಡೆ ಮೊದಲಿನಿಂದಲೂ ಇತ್ತು, ದಾರಿ ಎಂಬುದೇ ಇರಲಿಲ್ಲ! ಅದನ್ನು ಓದಿ ಹೇಳಿದಾಗಲೂ ಚಿಕ್ಕಿ “ಸಮ”, ಅಂದರೆ ಸರಿ, ಎಂದು ಸಹಿ ಹಾಕಿದಳು. ನಮ್ಮ ವಕೀಲರ ಕಿವಿಗೂ ಸಮವೇ. ಅವರೂ ಊರಿನವರಲ್ಲವೆ? ನನ್ನ ವ್ಯೂಹದಲ್ಲಿ ಎಲ್ಲರಿಗೂ ಒಂದೊಂದು ಕೆಲಸವಿತ್ತು, ಹೊರಗಿನವರ ಕಿವಿಯಿಂದ ಕೇಳುವ ಕೆಲಸ ಮಾತ್ರ ಯಾರಿಗೂ ಇರಲಿಲ್ಲ.

ವಾದದ ದಿನ ಎದುರು ಪಕ್ಷದ ವಕೀಲರು ಆ ‘ಇತ್ತು’ವನ್ನೇ ಹಿಡಿದು ವಾದಿಸಿದಾಗ ವಿಷಯ ಸ್ಫೋಟಿಸಿತು. ಅರ್ಜಿ ಹಾಕಿ ಚಿಕ್ಕಿಯನ್ನು ಮತ್ತೆ ಸಾಕ್ಷಿಕಟ್ಟೆಗೆ ಕರೆಸಿದೆವು. ಅದಕ್ಕೆ ಮೊದಲು ಅಡುಗೆಮನೆಯಲ್ಲಿ ನನ್ನ ತರಬೇತಿ.

“ಚಿಕ್ಕಿ, ‘ಇದೆ’ ಅನ್ನು.”

“ಅದ್ ನನ್ ಬಾಯಿಗ್ ಬತ್ತಿಲ್ಲೆ. ಟೀವಿಯಂಗೆ ವಾರ್ತೆ ಓದ್ದಂಗ್ ಆತ್ತ್.”

ಕೋರ್ಟಿನಲ್ಲಿ ನ್ಯಾಯಾಧೀಶರೇ ಕೇಳಿದರು: “ಸರಿಯಾಗಿ ಹೇಳಮ್ಮ, ಗೋಡೆ ಇದೆಯಾ, ಇತ್ತಾ?”

“ಇದೆ... ಇತ್ತ್ ಸ್ವಾಮಿ!” ಚಿಕ್ಕಿ ಬೆವರಿದಳು. ಆಮೇಲೆ ಸಿಟ್ಟು ಬಂತು. “ಮೊದ್ಲ್ ಇರ್ಲಿಲ್ಲ. ಈಗ ಇತ್ತ್. ನಾಳಿಗೂ ಇತ್ತ್. ನೀವ್ ತೆಗ್ಸೂವರಿಗೂ ಇತ್ತ್!”

“ನಾಳೆ... ಇತ್ತೇ?” ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ನಕ್ಕುಬಿಟ್ಟರು. ‘ಇತ್ತ್ ಎಂದರೆ ಇದೆ’ ಎಂದು ಬರೆಸಿದರು. ನಾನು ಕಪ್ ಗೆದ್ದ ಯಾವ ಚರ್ಚೆಯಲ್ಲೂ ಅಂಥದೊಂದು ವಾದವಿರಲಿಲ್ಲ.

ತೀರ್ಪು ಇನ್ನೂ ಬಂದಿಲ್ಲ. ಗೋಡೆ ಈಗಲೂ ಇತ್ತ್. ಪೆಟ್ಟಿಗೆ ಚಿಕ್ಕಿಯ ತಲೆಯ ಮೇಲೆಯೇ.

ಇವತ್ತು ಬೆಳಿಗ್ಗೆ ಮೀನುಪೇಟೆಯಲ್ಲಿ ನಾನು ಅವಳ ಪಕ್ಕ ಕೂತಿದ್ದಾಗ ಅದೇ ಎದುರು ಪಕ್ಷದ ವಕೀಲರು ಚೀಲ ಹಿಡಿದು ಬಂದರು. “ಹ್ವಾಯ್, ಬಂಗ್ಡೆ ಇತ್ತಾ?”

ಚಿಕ್ಕಿ ಬಾಯಿ ತೆರೆಯುವ ಮೊದಲೇ ನಾನು ಕೈ ಅಡ್ಡ ಹಿಡಿದೆ.

“ವಕೀಲ್ರೇ, ಇದ್ ನಮ್ಮೂರ್ ‘ಇತ್ತಾ’ ಅಲ್ದಾ? ಹಂಗಾರೆ ಅವತ್ತ್ ನಮ್ ಚಿಕ್ಕಿ ಹತ್ರ ನೀವ್ ಕೇಂಡದ್ ಯಾವ್ ‘ಇತ್ತಾ’?”